ಸ್ಲಾಟ್ ಇದ್ದರೆ ಸಾಲದು, ಲೇನ್ ಬೇಕು

ಎರಡನೇ ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಕೂಡಿಡುತ್ತಿರುವ ನಮ್ಮ ಕಡೆಯ ಹುಡುಗರು ಅಂಗಡಿಗೆ ಹೋಗುವ ಮೊದಲು ಇದನ್ನು ಓದಲಿ. ನನ್ನ ಸಿಟ್ಟು ಇನ್ನೂ ಆರಿಲ್ಲ.

ಚಿತ್ತಾಪುರದಲ್ಲಿ ನನ್ನದು ವಿಡಿಯೊ, ತ್ರೀಡಿ ಕೆಲಸ. ನಾಗಾವಿಯ ಅರವತ್ತು ಕಂಬದ ಗುಡಿಯನ್ನು ಫೋಟೊಗಳಿಂದ ತ್ರೀಡಿಯಾಗಿ ಕಟ್ಟಿ ಬ್ಲೆಂಡರಿನಲ್ಲಿ ರೆಂಡರ್ ಮಾಡುತ್ತಿದ್ದೆ. ಒಂದು ಆರ್‌ಟಿಎಕ್ಸ್ 3060ಕ್ಕೆ ಅದು ಭಾರವಾಯಿತು. ಬಿ450 ಮದರ್‌ಬೋರ್ಡನ್ನು ನನಗೆ ಮಾರಿದ್ದ ಕಲಬುರಗಿಯ ಅಂಗಡಿಯವನನ್ನೇ ಕೇಳಿದೆ. "ಕೆಳಗಿನ ಸ್ಲಾಟ್ ಖಾಲಿ ಅದ ಅಲ್ರಿ, ಅಂಥದ್ದೇ ಇನ್ನೊಂದು ಹಾಕ್ರಿ, ಡಬಲ್ ಓಡ್ತದ" ಅಂದ.

ಡಬಲ್ ಓಡಲಿಲ್ಲ. ಮೇಲಿನ ಕಾರ್ಡ್ ಮುಗಿಸಿ ಕೂತರೂ ಕೆಳಗಿನದು ತೆವಳುತ್ತಿತ್ತು. ಫೋಟೊ ಫೈಲುಗಳಿಗೆ ಜಾಗ ಸಾಲದೆ ಎರಡನೇ ಎಂ.2 ಕಿಂಡಿಗೆ ಹೊಸ ಎಸ್‌ಎಸ್‌ಡಿ ಹಾಕಿದ ರಾತ್ರಿಯಂತೂ ಕೆಳಗಿನ ಕಾರ್ಡ್ ಕಾಣೆಯೇ ಆಯಿತು. ಫ್ಯಾನ್ ತಿರುಗುತ್ತಿದೆ, ವಿಂಡೋಸಿನಲ್ಲಿ ಹೆಸರೇ ಇಲ್ಲ. ಬಿಚ್ಚಿ ಕೂರಿಸಿದೆ, ಕೇಬಲ್ ಬದಲಿಸಿದೆ, ಡ್ರೈವರ್ ತೆಗೆದು ಹಾಕಿದೆ. ಕಾರ್ಡುಗಳನ್ನು ಅದಲು ಬದಲು ಮಾಡಿದೆ. ಮೇಲೆ ಇಟ್ಟದ್ದು ಯಾವುದಾದರೂ ನಡೆಯುತ್ತದೆ, ಕೆಳಗಿಟ್ಟದ್ದು ಯಾವುದಾದರೂ ಮಾಯ. ಬೆಳಗಿಗೆ ವಿಡಿಯೊ ಕೊಡಬೇಕಿತ್ತು. ಫೋನಿನಲ್ಲಿ ಅಂಗಡಿಯವನು "ಕಾರ್ಡ್ ಸತ್ತದ್ರಿ" ಅಂದ. ಮರುದಿನ ಒಯ್ದು ಅವನ ಮಷಿನಿಗೇ ಹಾಕಿಸಿದರೆ ಅದೇ ಕಾರ್ಡ್ ಜೋರಾಗಿ ಓಡಿತು. ಆಗ ಮಾತು ತಿರುಗಿಸಿ "ಹಂಗಾರ ಬೋರ್ಡ್ ಹೋಗ್ಯಾದ, ಹೊಸದು ತಗೋರಿ" ಅಂದ. ಆ ಬೋರ್ಡಿನ ಮ್ಯಾನ್ಯುಯಲ್ಲಿನಲ್ಲಿ ಸಣ್ಣ ಅಕ್ಷರದಲ್ಲಿ ಉತ್ತರ ಅಚ್ಚಾಗಿತ್ತು: ಎರಡನೇ ಎಂ.2 ತುಂಬಿದರೆ ಕೆಳಗಿನ ಸ್ಲಾಟ್ ಬಂದ್. ಎಸ್‌ಎಸ್‌ಡಿ ತೆಗೆದೆ, ಕಾರ್ಡ್ ಬಂತು. ಮಾರುವವನಿಗೆ ಇದು ಗೊತ್ತಿರಬೇಡವೇ?

ಲೆಕ್ಕ ಇಷ್ಟು. ನನ್ನ ರೈಜನ್ 5000 ಪ್ರೊಸೆಸರಿನಿಂದ ಹೊರಡುವುದು 24 ಪಿಸಿಐಇ ಲೇನ್, ಅಂದರೆ ಡೇಟಾ ಓಡುವ ದಾರಿ: ಗ್ರಾಫಿಕ್ಸಿಗೆ 16, ಎಸ್‌ಎಸ್‌ಡಿಗೆ 4, ಚಿಪ್‌ಸೆಟ್ಟಿಗೆ 4. ಬಿ450ರಲ್ಲಿ ಮೇಲಿನ ಸ್ಲಾಟಿಗೆ ಮೂರನೇ ತಲೆಮಾರಿನ 16 ಲೇನ್, ಸೆಕೆಂಡಿಗೆ ಸುಮಾರು 16 ಜಿಬಿ. ಕೆಳಗಿನದು ನೋಡಲು ಅಷ್ಟೇ ಉದ್ದ, ಒಳಗೆ ಚಿಪ್‌ಸೆಟ್ಟಿನಿಂದ ಬರುವ ಎರಡನೇ ತಲೆಮಾರಿನ 4 ಲೇನ್, ಬರೀ 2 ಜಿಬಿ. ಯುಎಸ್‌ಬಿ, ಸಾಟಾ, ಲ್ಯಾನ್ ಹೆಚ್ಚಿನವು ಅದೇ ಚಿಪ್‌ಸೆಟ್ ದಾರಿಯಲ್ಲಿ. ವಾಡಿ ಜಂಕ್ಷನ್ನಿನಲ್ಲಿ ಪ್ಲಾಟ್‌ಫಾರ್ಮ್ ಎಷ್ಟಿದ್ದರೇನು, ಮುಂದೆ ಹಳಿ ಒಂದೇ ಆದರೆ ಗಾಡಿ ಸಿಗ್ನಲಿಗೆ ನಿಲ್ಲಲೇಬೇಕು.

ಸಣ್ಣ ಸೀನ್ ಒಮ್ಮೆ ಕಾರ್ಡಿನ ಮೆಮೊರಿಗೆ ಏರಿದರೆ ಲೇನ್ ಕಡಿಮೆ ಇದ್ದರೂ ನಡೆದೀತು. ನನ್ನ ಗುಡಿಯ ಸೀನ್ ಕಾರ್ಡಿನ 12 ಜಿಬಿ ಮೀರಿ ರ‍್ಯಾಮಿಗೆ ಚೆಲ್ಲಿತ್ತು. ಪ್ರತಿ ಫ್ರೇಮಿಗೂ ಆ ಸಣ್ಣ ದಾರಿಯಲ್ಲೇ ಎಳೆದಾಟ. ಎರಡು ಕಾರ್ಡ್ ಸೇರಿದರೆ 24 ಜಿಬಿ ಆಗುವುದಿಲ್ಲ. ಹೀಗೆ ಚೆಲ್ಲದಿರಲು ಸೀನ್ ಎರಡರಲ್ಲೂ ಪೂರ್ತಿ ಕೂರಬೇಕು.

ಎರಡು ಸ್ಲಾಟಿಗೆ ಎಂಟೆಂಟು ಲೇನ್ ಹಂಚುವ ಎಕ್ಸ್570 ಬೋರ್ಡ್ ಹಾಕಿದ ಮೇಲೆ ನೆಮ್ಮದಿ. ನಾಲ್ಕನೇ ತಲೆಮಾರಿನ 8 ಲೇನ್ ಎಂದರೆ ಹಳೆಯ 16ರಷ್ಟೇ ವೇಗ.

ಕೊಳ್ಳುವವರಿಗೆ: ಮ್ಯಾನ್ಯುಯಲ್ ಮೊದಲೇ ಡೌನ್‌ಲೋಡ್ ಮಾಡಿ ಓದಿ. ರೆಂಡರ್ ನಡೆಯುವಾಗಲೇ ಜಿಪಿಯು-ಝಡ್ ಎಂಬ ತಂತ್ರಾಂಶದಲ್ಲಿ ಲೇನ್ ನೋಡಿ. ಸುಮ್ಮನಿದ್ದಾಗ ಕಾರ್ಡ್ ತಾನೇ ವೇಗ ಇಳಿಸಿರುತ್ತದೆ. ಅಂಗಡಿಯಲ್ಲಿ ಎರಡೇ ಪ್ರಶ್ನೆ ಕೇಳಿ: ಕೆಳಗಿನ ಸ್ಲಾಟಿಗೆ ಲೇನ್ ಎಷ್ಟು? ಪ್ರೊಸೆಸರಿನಿಂದಲೋ, ಚಿಪ್‌ಸೆಟ್ಟಿನಿಂದಲೋ? ಉತ್ತರ ಹೇಳಲಾಗದವನಿಗೆ ದುಡ್ಡು ಕೊಡಬೇಡಿ.