ಸಂಜೆಗೆ ನೀವು ಕುಳ್ಳಾಗುತ್ತೀರಿ!

ಮಕ್ಕಳೇ, ಬೆಳಿಗ್ಗೆ ಎದ್ದ ಕೂಡಲೇ ಗೋಡೆಗೆ ಬೆನ್ನು ಕೊಟ್ಟು ನಿಂತು ಎತ್ತರ ಗುರುತು ಮಾಡಿಸಿ. ಸಂಜೆ ಅಲ್ಲೇ ಮತ್ತೆ ಅಳೆಯಿರಿ. ಅರ್ಧ ಸೆಂ.ಮೀ.ನಷ್ಟು ಕಡಿಮೆ ಇರಬಹುದು! ಬೆನ್ನುಮೂಳೆಯ ಮಣಿಗಳ ನಡುವೆ ಮೃದ್ವಸ್ಥಿಯ ಬಿಲ್ಲೆಗಳಿವೆ. ಗುರುತ್ವ ಬಲದಿಂದ ದಿನವಿಡೀ ಮೈಭಾರ ಅವುಗಳ ಮೇಲೆ ಬಿದ್ದು ಒಳಗಿನ ನೀರು ಸ್ವಲ್ಪ ಹೊರಬರುತ್ತದೆ. ಮಲಗಿದಾಗ ಮತ್ತೆ ತುಂಬಿಕೊಳ್ಳುತ್ತದೆ. ಬಾಳೂರಿನ ತೋಟಗಳಲ್ಲಿ ಕಾಫಿ ಹಣ್ಣಿನ ಮೂಟೆ ಹೊರುವವರಿಗೆ ಈ ಒತ್ತಡ ಇನ್ನೂ ಹೆಚ್ಚು. ಅಂಥವರು ಮನೆಯಲ್ಲಿದ್ದರೆ ಸಂಜೆ ಸ್ವಲ್ಪ ಹೊತ್ತು ಮಲಗಲು ಬಿಡಿ.

ಮೂಳೆಯ ರೀತಿಯೇ ಬೇರೆ. ಕುಣಿದು, ಗುಡ್ಡ ಹತ್ತಿದರೆ ಗಟ್ಟಿಯಾಗುತ್ತದೆ. 2025ರಲ್ಲಿ ನಮ್ಮ ಶುಭಾಂಶು ಶುಕ್ಲಾ 18 ದಿನ ಇದ್ದ ಬಾಹ್ಯಾಕಾಶ ನಿಲ್ದಾಣದಲ್ಲಿ ಮೈಗೆ ತೂಕವೇ ತಿಳಿಯುವುದಿಲ್ಲ. ಅಲ್ಲಿ ಬೆನ್ನು ಉದ್ದವಾಗುತ್ತದೆ, ಆದರೆ ಸೊಂಟದ ಮೂಳೆ ತಿಂಗಳಿಗೆ ಸುಮಾರು ಶೇ. 1ರಷ್ಟು ಕರಗುತ್ತದೆ. ಅದಕ್ಕೇ ತಿಂಗಳುಗಟ್ಟಲೆ ಇರುವವರು ಕೆಳಕ್ಕೆಳೆಯುವ ಪಟ್ಟಿ ಕಟ್ಟಿಕೊಂಡು ಓಡುತ್ತಾರೆ.