ಮಂಕಾದ ಮೀಟರ್ ಬೋರ್ಡ್? ನೀವೇ ಬೆಳಗಿಸಿ!

ಮೊದಲ ಸಂಬಳ ಕೂಡಿಟ್ಟು ಹಳೆಯ ಮಾರುತಿ 800 ಕೊಂಡಿದ್ದೀರಿ. 1983ರಿಂದ 2014ರವರೆಗೆ ತಯಾರಾದ ಗಟ್ಟಿ ಕಾರು. ಆದರೆ ರಾತ್ರಿ ಸ್ಪೀಡೋಮೀಟರ್ ಮುಳ್ಳೇ ಕಾಣಿಸದು. ಪೆಟ್ರೋಲ್ ಎಷ್ಟಿದೆ ಎಂದು ನೋಡಲು ಮೊಬೈಲ್ ಟಾರ್ಚ್ ಬೇಕು. ಇದನ್ನು ಸಹಿಸಿಕೊಳ್ಳಬೇಡಿ. ಈ ಭಾನುವಾರವೇ ಮುಗಿಸಿ.

1. ‘ವೈರಿಂಗ್ ನನಗೆ ಬರಲ್ಲ’ ಎನ್ನುವುದನ್ನು ಬಿಡಿ. ಅದು ಬರೀ ಅಭ್ಯಾಸ. ಇಲ್ಲಿರುವುದು 12 ವೋಲ್ಟ್, ಮನೆಯ ಕರೆಂಟಿನಂತೆ ಶಾಕ್ ಹೊಡೆಯದು. ಶಾರ್ಟ್ ಆದರೆ ಮಾತ್ರ ವೈರ್ ಸುಡುತ್ತದೆ. ಹಾಗಾಗಿ ಏನನ್ನೇ ಬಿಚ್ಚುವ ಮೊದಲು ಬ್ಯಾಟರಿಯ ಮೈನಸ್ ಟರ್ಮಿನಲ್ ಕಳಚಿ.

2. ದುಡ್ಡು ಬಿಚ್ಚುವ ಮೊದಲು ಕಾರಣ ಹುಡುಕಿ. ಪಾರ್ಕಿಂಗ್ ಲೈಟ್ ಹಾಕಿ, ಕಾರಿನ ಹಿಂದೆ ಹೋಗಿ ನೋಡಿ. ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಟೇಲ್ ಲೈಟಿಗೂ ಮೀಟರ್ ಬೋರ್ಡಿಗೂ ಕರೆಂಟ್ ಒಂದೇ ಸ್ವಿಚ್‌ನಿಂದ ಬರುತ್ತದೆ. ಎರಡೂ ಮಂಕಾಗಿದ್ದರೆ ಮೀಟರ್ ಬಿಚ್ಚಬೇಡಿ. ಸ್ವಿಚ್, ಫ್ಯೂಸ್ ಪಾಯಿಂಟ್, ಬ್ಯಾಟರಿ ನೋಡಿ.

3. ಡಿಮ್ಮರ್ (ಮೀಟರ್ ಬೆಳಕು ಹೆಚ್ಚು-ಕಡಿಮೆ ಮಾಡುವ ಗುಂಡಿ) ಇದ್ದರೆ ತಿರುಗಿಸಿ. ಆ ಕಡೆ ಈ ಕಡೆ ಹತ್ತಾರು ಸಲ. ವರ್ಷಗಟ್ಟಲೆ ಒಂದೇ ಜಾಗದಲ್ಲಿದ್ದರೆ ಒಳಗಿನ ಕಾಂಟ್ಯಾಕ್ಟ್‌ಗೆ ಕಿಲುಬು ಹಿಡಿದಿರುತ್ತದೆ. ಎಷ್ಟೋ ಕಾರುಗಳಿಗೆ ಇಷ್ಟೇ ಸಾಕು.

4. ಮೀಟರ್ ಬೋರ್ಡ್ ಬಿಚ್ಚಿ, ಬಲ್ಬ್ ಕಳಚಿ ಬಿಳಿ ಹಾಳೆಯ ಮೇಲಿಡಿ. ಗಾಜಿನ ಒಳಗೆ ಬೂದು ಬಣ್ಣದ ಛಾಯೆ ಕಂಡರೆ ಅದರ ಆಯುಸ್ಸು ಮುಗಿಯುತ್ತಿದೆ: ಫಿಲಮೆಂಟಿನ ಟಂಗ್‌ಸ್ಟನ್ ಆವಿಯಾಗಿ ಗಾಜಿಗೆ ಅಂಟಿದೆ. ಎಲ್ಲವನ್ನೂ ಒಟ್ಟಿಗೆ ಬದಲಿಸಿ, ಅಷ್ಟೇ ವ್ಯಾಟ್‌ನದು ಹಾಕಿ. ಹೆಚ್ಚು ವ್ಯಾಟ್ ಹಾಕಿದರೆ ಬಿಸಿಗೆ ಹೋಲ್ಡರ್ ಕರಗಬಹುದು. ಬೆಂಗಳೂರಿನವರು ಬಿಡಿಭಾಗ ಕೊಳ್ಳಲು ಜೆ.ಸಿ. ರಸ್ತೆಗೆ ಹೋಗುವಾಗ ಹಳೆಯ ಬಲ್ಬ್ ಜೇಬಿನಲ್ಲಿಟ್ಟುಕೊಳ್ಳಿ.

5. ವೋಲ್ಟೇಜ್ ಅಳೆಯಿರಿ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ, ಹೆಚ್ಚಿನವರು ಬಿಡುವುದೂ ಇದನ್ನೇ. ಬ್ಯಾಟರಿ ಮತ್ತೆ ಜೋಡಿಸಿ, ಲೈಟ್ ಉರಿಯುತ್ತಿರುವಾಗಲೇ ಮಲ್ಟಿಮೀಟರ್‌ನಿಂದ ಮೊದಲು ಬ್ಯಾಟರಿಯಲ್ಲಿ, ನಂತರ ಬಲ್ಬ್ ಹೋಲ್ಡರಿನಲ್ಲಿ ನೋಡಿ. ಡಿಮ್ಮರ್ ಪೂರ್ತಿ ಏರಿಸಿರಲಿ. ವೋಲ್ಟೇಜ್ ಶೇ 10ರಷ್ಟು ಇಳಿದರೆ ಫಿಲಮೆಂಟ್ ಬಲ್ಬಿನ ಬೆಳಕು ಸುಮಾರು ಶೇ 30ರಷ್ಟು ಕುಸಿಯುತ್ತದೆ! ಒಂದು ವೋಲ್ಟ್ ಕಾಣೆಯಾಗಿದ್ದರೆ ಹೊಸ ಬಲ್ಬ್ ಹಾಕಿಯೂ ಪ್ರಯೋಜನವಿಲ್ಲ. ಬ್ಯಾಟರಿಯ ಮೈನಸ್ ಮತ್ತೆ ಕಳಚಿ, ಅರ್ಥಿಂಗ್ ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ, ಬಿಗಿ ಮಾಡಿ. ಮೀಟರ್ ಹಿಂದಿನ ಪ್ಲಾಸ್ಟಿಕ್ ಹಾಳೆಯ ಮೇಲಿನ ತಾಮ್ರದ ಗೆರೆಗಳಿಗೆ ಸ್ಯಾಂಡ್‌ಪೇಪರ್ ಬೇಡ, ಹರಿದುಹೋಗುತ್ತವೆ. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ.

6. ಮೀಟರ್ ಬೋರ್ಡಿನ ಒಳಗಿನ ಧೂಳು ಒರೆಸಿ. ಬಿಳಿ ಗೋಡೆಗಳೇ ಬೆಳಕನ್ನು ಡಯಲ್‌ಗೆ ತಿರುಗಿಸುವುದು. ಮುಳ್ಳು ಮುಟ್ಟಬೇಡಿ, ಅಲುಗಿದರೆ ಸ್ಪೀಡ್ ತಪ್ಪಾಗಿ ತೋರಿಸುತ್ತದೆ.

7. ಎಲ್‌ಇಡಿ ಬೇಕೇ? ಹಾಕಿ, ಆದರೆ ತಿಳಿದು ಹಾಕಿ. ಉರಿಯದಿದ್ದರೆ ಬಿಚ್ಚಿ, ತಿರುಗಿಸಿ ಹಾಕಿ. ಅದಕ್ಕೆ ಪ್ಲಸ್-ಮೈನಸ್ ಇದೆ. ಹಸಿರು ಫಿಲ್ಟರ್ ಇದ್ದರೆ ಹಸಿರು ಎಲ್‌ಇಡಿಯನ್ನೇ ತನ್ನಿ. ಬ್ಯಾಟರಿ ಚಾರ್ಜ್ ವಾರ್ನಿಂಗ್ ಬಲ್ಬನ್ನು ಮಾತ್ರ ಎಲ್‌ಇಡಿಗೆ ಬದಲಿಸಲೇಬೇಡಿ: ಹಲವು ಹಳೆಯ ಕಾರುಗಳಲ್ಲಿ ಆಲ್ಟರ್ನೇಟರ್ ಚಾರ್ಜಿಂಗ್ ಶುರು ಮಾಡಲು ಬೇಕಾದ ಕರೆಂಟ್ ಆ ಬಲ್ಬಿನ ಮೂಲಕವೇ ಹೋಗುತ್ತದೆ.

8. ಸ್ಕ್ರೂ ಬಿಗಿಯುವ ಮೊದಲೇ ಲೈಟ್, ಇಂಡಿಕೇಟರ್, ಪೆಟ್ರೋಲ್ ಮುಳ್ಳು ಎಲ್ಲವನ್ನೂ ಪರೀಕ್ಷಿಸಿ. ಸ್ಪೀಡೋಮೀಟರ್ ಕೇಬಲ್ ‘ಟಕ್’ ಎಂದು ಕೂತಿದೆಯೇ? ಆಮೇಲೆ ಬಿಗಿ ಮಾಡಿ.