ಬೂಸ್ಟ್ ಏರಿದಾಗ ತಪ್ಪುವ ಕಿಡಿ

ಟರ್ಬೊ ಪೆಟ್ರೋಲ್ ಕಾರು ಎಳೆತದಲ್ಲಿ ಮುಗ್ಗರಿಸಿತೆಂದರೆ ಹತ್ತರಲ್ಲಿ ಒಂಬತ್ತು ಜನ ಕೊಡುವ ತೀರ್ಪು ಒಂದೇ: ‘ಪೆಟ್ರೋಲ್ ಸಾಲ್ತಾ ಇಲ್ಲ.’ ಟ್ಯೂನ್ ಮಾಡಿಸಿದ ಕಾರಾದರೆ ಕೇಳುವುದೇ ಬೇಡ. ದೊಡ್ಡ ಪಂಪ್ ಹಾಕಿ, ಇಂಜೆಕ್ಟರ್ ಬದಲಿಸಿ, ಮ್ಯಾಪಿನಲ್ಲಿ ಪೆಟ್ರೋಲ್ ಏರಿಸಿ. ನನ್ನ ಕಾರಿಗೂ ಇದೇ ಔಷಧಿ ಬರೆದುಕೊಟ್ಟರು. ಅದಕ್ಕೆ ಸಾಕ್ಷಿ ಹೇಳಲು ಡ್ಯಾಶ್‌ಬೋರ್ಡಿನ ಮೇಲೆ ಗಾಳಿ–ಪೆಟ್ರೋಲ್ ಮಿಶ್ರಣ ತೋರಿಸುವ ಒಂದು ವೈಡ್‌ಬ್ಯಾಂಡ್ ಮೀಟರೂ ಇತ್ತು. ಮೀಟರ್ ಸುಳ್ಳು ಹೇಳಲಿಲ್ಲ. ಅದು ಹೇಳಿದ್ದೊಂದು, ಎಲ್ಲರೂ ಕೇಳಿಸಿಕೊಂಡದ್ದು ಇನ್ನೊಂದು.

ಕಾರು ಭಟ್ಕಳದಿಂದ ಬಂದದ್ದು. ದುಬೈಯಲ್ಲಿ ಕೆಲಸ ಸಿಕ್ಕಿದ ಹುಡುಗನೊಬ್ಬ ಹೊರಡುವ ಮೊದಲು ಮಾರಿದ 1.4 ಲೀಟರಿನ ಸೆಡಾನ್. ಕಂಪನಿಯ ಹೆಸರು ಇಲ್ಲಿ ಬೇಡ. ಕಂಪನಿ ಕೊಟ್ಟಂತೆ ಅದರಲ್ಲಿ ಉಳಿದದ್ದೂ ಕಡಿಮೆಯೇ. ದೊಡ್ಡ ಇಂಟರ್‌ಕೂಲರ್, ಅಗಲದ ಸೈಲೆನ್ಸರ್ ಪೈಪ್, ಮುಂದೆ ಎರಡು ದೊಡ್ಡ ಫಾಗ್ ಲ್ಯಾಂಪ್, ಇಸಿಯುಗೆ ಬೇರೆ ಮ್ಯಾಪ್, 1.2 ಬಾರ್ ಬೂಸ್ಟ್. ಕೀಲಿ ಕೊಡುವಾಗ ಹುಡುಗ ಅಂದಿದ್ದ: “ಮಳೆಗಾಲದಲ್ಲಿ ಸ್ವಲ್ಪ ಸತಾಯಿಸ್ತದೆ ಭಟ್ರೇ, ಬೇಸಿಗೆಗೆ ಏನೂ ತೊಂದ್ರೆ ಇಲ್ಲ.” ಇಡೀ ರೋಗದ ಗುಟ್ಟು ಆ ಒಂದು ಮಾತಿನಲ್ಲಿತ್ತು.

ಕಾನೂನಿನ ಮಾತನ್ನು ಇಲ್ಲೇ ಮುಗಿಸಿಬಿಡುತ್ತೇನೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ವಾಹನದಲ್ಲಿ ಇರಕೂಡದು ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಅರ್ಥ ಅದೇ. ಆರ್‌ಸಿ ವರ್ಗಾವಣೆಗೆಂದು ಹೊನ್ನಾವರದ ಆರ್‌ಟಿಒ ಕಚೇರಿಗೆ ಹೋಗುವ ಮೊದಲೇ ಅಗಲದ ಪೈಪ್ ಕಳಚಿ ಮೂಲ ಸೈಲೆನ್ಸರ್ ಹಾಕಿಸಿದೆ. ಮ್ಯಾಪ್ ಕಣ್ಣಿಗೆ ಕಾಣುವುದಿಲ್ಲ ನಿಜ, ಆದರೆ ಅಪಘಾತವಾದ ದಿನ ವಿಮೆಯವರು ಅದನ್ನೂ ಬದಲಾವಣೆಯ ಲೆಕ್ಕಕ್ಕೇ ಹಾಕಬಹುದು. ಇಂಥ ಕಾರು ಕೊಳ್ಳುವವರು ಇದನ್ನು ತಿಳಿದೇ ಕೊಳ್ಳಬೇಕು.

ರೋಗದ ಲಕ್ಷಣ ಹೀಗೆ. ಮಂಕಿ ದಾಟಿ ಹೆದ್ದಾರಿ ನೇರವಾಗುವಲ್ಲಿ ನಾಲ್ಕನೇ ಗೇರಿನಲ್ಲಿ ಪೂರ್ತಿ ಒತ್ತಿದರೆ 3,500 ಆರ್‌ಪಿಎಂ ಹತ್ತಿರ, ಬೂಸ್ಟ್ ತುಂಬುವ ಹೊತ್ತಿಗೆ ಸರಿಯಾಗಿ, ಹಿಂದಿನಿಂದ ಯಾರೋ ಬಂಪರ್ ಹಿಡಿದು ಜಗ್ಗಿದಂತೆ ಕಾರು ತಡವರಿಸುತ್ತಿತ್ತು. ಪೆಡಲ್ ಅರ್ಧ ಬಿಟ್ಟರೆ ಮತ್ತೆ ನಯ. ಬೆಂಗಳೂರಿನ ಟ್ಯೂನರಿಗೆ ಲಾಗ್ ಕಳಿಸಿದೆ. ಮಿಶ್ರಣದ ಅಳತೆಯಾದ ಲ್ಯಾಂಬ್ಡಾ (ಅಂಕಿ ಏರಿದಷ್ಟೂ ಪೆಟ್ರೋಲ್ ಕಡಿಮೆ) 0.82 ಇರಬೇಕಾದಲ್ಲಿ 0.95, ಒಮ್ಮೊಮ್ಮೆ 1.02. ಬೂಸ್ಟಿನಲ್ಲಿ ಅಷ್ಟು ಬಡಕಲು ಮಿಶ್ರಣ ಎಂದರೆ ಪಿಸ್ಟನ್ ಕರಗುವ ದಾರಿ. ಅವರು ಪೆಟ್ರೋಲ್ ಏರಿಸಿ ಹೊಸ ಫೈಲ್ ಕಳಿಸಿದರು. ಅದನ್ನು ಹಾಕಿದ ಮೇಲೆ ಮುಗ್ಗರಿಕೆ ಹೆಚ್ಚಿತು, ಸೈಲೆನ್ಸರ್ ಬಾಯಿ ಮಸಿಗಟ್ಟಿತು, ಮೈಲೇಜ್ ಬಿತ್ತು, ಮೀಟರಿನಲ್ಲಿ ಮಾತ್ರ ಅದೇ 1.02.

ಪೆಟ್ರೋಲ್ ಹೆಚ್ಚು ಹಾಕಿದರೂ ‘ಪೆಟ್ರೋಲ್ ಕಡಿಮೆ’ ಎನ್ನುವ ಮೀಟರನ್ನು ಏನೆಂದು ನಂಬುವುದು? ಉತ್ತರ ಸರಳ. ಲ್ಯಾಂಬ್ಡಾ ಸೆನ್ಸರ್ ಪೆಟ್ರೋಲನ್ನು ಅಳೆಯುವುದೇ ಇಲ್ಲ. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆದು ಅದರಿಂದ ಮಿಶ್ರಣವನ್ನು ಊಹಿಸುತ್ತದೆ. ಸಿಲಿಂಡರಿನಲ್ಲಿ ಕಿಡಿ ಹೊತ್ತದೇ ಹೋದರೆ ಒಳಗೆ ಹೋದ ಗಾಳಿಯಷ್ಟೂ ಹಾಗೇ ಹೊರಬರುತ್ತದೆ. ಜೊತೆಗೆ ಸುಡದ ಪೆಟ್ರೋಲೂ ಬರುತ್ತದೆ, ಆದರೆ ಅದು ಸೆನ್ಸರಿನ ಲೆಕ್ಕಕ್ಕೆ ಸರಿಯಾಗಿ ಸಿಗುವುದಿಲ್ಲ. ಸೆನ್ಸರ್ ಕಾಣುವುದು ರಾಶಿ ಆಮ್ಲಜನಕವನ್ನು. ಅದರ ಭಾಷೆಯಲ್ಲಿ ಅದು ಬಡಕಲು ಮಿಶ್ರಣ. ಆ ಮಾತು ನಂಬಿ ಪೆಟ್ರೋಲ್ ಸುರಿದಷ್ಟೂ ಮೊದಲೇ ಸೋತ ಕಿಡಿ ಇನ್ನಷ್ಟು ತೋಯುತ್ತದೆ, ಮಿಸ್ಸಿಂಗ್ ಹೆಚ್ಚುತ್ತದೆ, ಸುಡದ ಪೆಟ್ರೋಲ್ ಹೋಗಿ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನೂ ಹಾಳುಮಾಡುತ್ತದೆ.

ನಿಜವಾಗಿಯೂ ಪೆಟ್ರೋಲ್ ಸಾಲದ ಕಾರಿನ ಲಾಗ್ ಬೇರೆ ಥರ ಇರುತ್ತದೆ. ಪಂಪ್ ಸೋಲುತ್ತ ಬಂದರೆ ಆರ್‌ಪಿಎಂ ಏರಿದಂತೆ ಲ್ಯಾಂಬ್ಡಾ ಗೆರೆ ಒಂದೇ ಸಮನೆ ಮೇಲೆ ವಾಲುತ್ತದೆ, ಅದರ ಬೆನ್ನಿಗೇ ನಾಕಿಂಗ್ ಶುರುವಾಗಿ ಇಸಿಯು ಟೈಮಿಂಗ್ ಹಿಂದೆಳೆಯುತ್ತದೆ. ನನ್ನ ಲಾಗಿನಲ್ಲಿ ಗೆರೆ ವಾಲಿರಲಿಲ್ಲ, ಗರಗಸದ ಹಲ್ಲಿನಂತೆ ಮೇಲೆ ಕೆಳಗೆ ಕುಣಿದಿತ್ತು. ನಾಕ್ ಸೆನ್ಸರ್ ತಣ್ಣಗೆ ಕೂತಿತ್ತು. ಅನುಮಾನ ಪೂರ್ತಿ ಕಳೆಯಲು ಕುಮಟೆಯ ಗ್ಯಾರೇಜಿನಲ್ಲಿ ಪೆಟ್ರೋಲ್ ಲೈನಿಗೆ ಪ್ರೆಶರ್ ಗೇಜ್ ಕೂರಿಸಿ, ಅದನ್ನು ಗಾಜಿನ ಹೊರಗೆ ವೈಪರ್ ಅಡಿಗೆ ಸಿಕ್ಕಿಸಿಕೊಂಡು ಓಡಿಸಿದೆವು. (ಪೆಟ್ರೋಲ್ ಗೇಜನ್ನು ಕಾರಿನ ಒಳಗೆ ಎಂದೂ ತರಬಾರದು.) ನನ್ನ ಕಾರಿನ ರೆಗ್ಯುಲೇಟರ್ ಬೂಸ್ಟ್ ಎಷ್ಟು ಏರುತ್ತದೋ ಅಷ್ಟೇ ಒತ್ತಡ ಏರಿಸುವ ಬಗೆಯದು: ಮೂಲ 3 ಬಾರ್, ಅದಕ್ಕೆ 1.2 ಸೇರಿ 4.2. ಮುಳ್ಳು ಅಲ್ಲಿಗೆ ಹೋಗಿ ಅಲ್ಲೇ ನಿಂತಿತು. ಪಂಪಿಗೆ ಅಲ್ಲಿಗೆ ಬಿಡುಗಡೆ. ಇಂಟರ್‌ಕೂಲರ್ ಹೋಸ್‌ಗಳಿಗೆ ಕಂಪ್ರೆಸರ್ ಗಾಳಿ ಕೊಟ್ಟು ಸೋಪಿನ ನೀರು ಹಚ್ಚಿಯೂ ನೋಡಿದೆವು. ಒಂದು ಕ್ಲಿಪ್ ಸಡಿಲವಿತ್ತು, ಬಿಗಿ ಮಾಡಿದೆವು, ಮುಗ್ಗರಿಕೆ ಹಾಗೇ ಉಳಿಯಿತು.

ಉಳಿದದ್ದು ಕಿಡಿ. ಪ್ಲಗ್ಗಿನ ಎರಡು ತುದಿಗಳ ನಡುವಿನ ಗಾಳಿಯನ್ನು ಸೀಳಿ ಕಿಡಿ ಹಾರಬೇಕಾದರೆ, ಆ ಗಾಳಿ ಎಷ್ಟು ಒತ್ತಿದ್ದರೆ ಅಷ್ಟು ಹೆಚ್ಚು ವೋಲ್ಟೇಜ್ ಬೇಕು. ಬೂಸ್ಟ್ ಏರಿಸುವುದೆಂದರೆ ಆ ವೋಲ್ಟೇಜ್ ಕೊಡುವ ಕಾಯಿಲಿನ ಮೇಲೆ ಸಾಲ ಏರಿಸಿದಂತೆಯೇ. ಐಡ್ಲಿಂಗಿನಲ್ಲಿ, ಖಾಲಿ ರೇಸ್ ಕೊಟ್ಟಾಗ ಎಂಜಿನ್ ಚೊಕ್ಕವಾಗಿ ತಿರುಗಿತೆಂದು ಕಾಯಿಲ್ ಚೆನ್ನಾಗಿದೆ ಎನ್ನುವಂತಿಲ್ಲ; ಅಲ್ಲಿ ಒತ್ತಡವೇ ಇಲ್ಲ. ಪ್ಲಗ್ ಬಿಚ್ಚಿ ಫೀಲರ್ ಗೇಜ್ ಹಾಕಿದರೆ ಗ್ಯಾಪ್ 0.8 ಮಿಲಿಮೀಟರ್ ದಾಟಿ ಸವೆದಿತ್ತು. ಹೊಸದು ತಂದು 0.6ಕ್ಕೆ ಹೊಂದಿಸಿದೆ. ಶಾಖ ಬೇಗ ಬಿಟ್ಟುಕೊಡುವ, ಮೆಕ್ಯಾನಿಕ್‌ಗಳು ‘ಕೋಲ್ಡ್’ ಎನ್ನುವ ಪ್ಲಗ್ಗನ್ನೇ ಒಂದು ಮೆಟ್ಟಿಲು ಹೆಚ್ಚಿಗೆ ತೆಗೆದುಕೊಂಡೆ. ಇಲ್ಲೊಂದು ತಮಾಷೆ ಇದೆ: ಎನ್‌ಜಿಕೆಯಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ಕೋಲ್ಡ್, ಬಾಷ್‌ನಲ್ಲಿ ಅಂಕಿ ಚಿಕ್ಕದಾದಷ್ಟೂ ಕೋಲ್ಡ್. ಅಂಗಡಿಯವರು ‘ಇದೂ ಅದೇ ಸರ್’ ಎಂದು ಬೇರೆ ಕಂಪನಿಯದು ಕೊಟ್ಟರೆ ಅಂಕಿ ನೋಡಿ ಹೋಲಿಸಲು ಹೋಗಬಾರದು, ಹೊಂದಾಣಿಕೆಯ ಪಟ್ಟಿಯನ್ನೇ ನೋಡಬೇಕು.

ಬೇಸಿಗೆ ಪೂರ್ತಿ ಕಾರು ಹೂವಿನಂತೆ ಓಡಿತು. ಜೂನ್ ಬಂತು, ಮಳೆ ಬಂತು, ಹಳದೀಪುರದ ಹತ್ತಿರ ಸಂಜೆ ಹೊತ್ತಿಗೆ ಮತ್ತೆ ಅದೇ ಜಗ್ಗು.

ಮಳೆ ಎಂದ ಕೂಡಲೇ ತೇವ ಎಂದು ಯೋಚಿಸುವುದು ಸಹಜ. ಹಳೇ ಮೆಕ್ಯಾನಿಕ್‌ಗಳ ಒಂದು ಪರೀಕ್ಷೆ ಇದೆ: ರಾತ್ರಿ ಕತ್ತಲಲ್ಲಿ ಬಾನೆಟ್ ಎತ್ತಿ, ಎಂಜಿನ್ ಓಡುತ್ತಿರುವಾಗ ಕಾಯಿಲ್ ಸುತ್ತ ಸ್ಪ್ರೇ ಬಾಟಲಿಯಿಂದ ನೀರು ಸಿಂಪಡಿಸಿ, ಮುಟ್ಟದೆ ದೂರ ನಿಂತು ನೋಡುವುದು. ರಬ್ಬರ್ ಬೂಟ್ ಸೀಳಿದ್ದರೆ ನೀಲಿ ಕಿಡಿ ಹೊರಗೇ ಹರಿದಾಡುತ್ತದೆ. ನನ್ನದರಲ್ಲಿ ಏನೂ ಕಾಣಲಿಲ್ಲ. ಸ್ಕ್ಯಾನರ್ ಕೊಟ್ಟ ಕೋಡ್ ಪಿ0300. ಪಿ0302 ಬಂದಿದ್ದರೆ ಎರಡನೇ ಸಿಲಿಂಡರಿನ ಕಾಯಿಲನ್ನು ಮೂರಕ್ಕೆ ಹಾಕಿ, ಕೋಡೂ 0303 ಆಗುತ್ತದೆಯೇ ಎಂದು ನೋಡಿದರೆ ಮುಗಿಯುತ್ತಿತ್ತು. ಪೈಸೆ ಖರ್ಚಿಲ್ಲದ ಪರೀಕ್ಷೆ. ಆದರೆ 0300 ಎಂದರೆ ಯಾವುದೋ ಒಂದು ಸಿಲಿಂಡರಿನದಲ್ಲ, ಸಿಕ್ಕ ಸಿಕ್ಕದ್ದರಲ್ಲಿ ಮಿಸ್. ನಾಲ್ಕು ಕಾಯಿಲ್ ಒಟ್ಟಿಗೆ ಕೆಡುವುದಿಲ್ಲ. ನಾಲ್ಕಕ್ಕೂ ಸೇರಿದ್ದೇನೋ ಕೆಟ್ಟಿರಬೇಕು.

ಅದನ್ನು ಹೇಳಿಕೊಟ್ಟವರು ಕಾರಿನವರಲ್ಲ. ಹೊನ್ನಾವರದ ಸೇತುವೆಯ ಆಚೆ ಕಾಸರಕೋಡ ಟೊಂಕದಲ್ಲಿ ನಾಡದೋಣಿಗಳ ಔಟ್‌ಬೋರ್ಡ್ ಎಂಜಿನ್ ರಿಪೇರಿ ಮಾಡುವ ಒಬ್ಬರು. ನಮ್ಮ ಕರಾವಳಿಯ ಈ ಎಂಜಿನ್‌ಗಳಲ್ಲಿ ಬಹಳಷ್ಟು ಪೆಟ್ರೋಲಿನಲ್ಲಿ ಶುರುವಾಗಿ ಸೀಮೆಎಣ್ಣೆಯಲ್ಲಿ ಓಡುವಂಥವು. ಸೀಮೆಎಣ್ಣೆ ಪ್ಲಗ್ಗಿಗೆ ಕರಿ ಹಿಡಿಸುತ್ತದೆ, ಕಡಲ ಗಾಳಿ ತಂತಿಗೆ ಕಿಲುಬು ಹಿಡಿಸುತ್ತದೆ. ಅಳಿವೆಯ ಬಾಯಿಯಲ್ಲಿ ಎಂಜಿನ್ ಮಿಸ್ ಹೊಡೆದರೆ ದೋಣಿ ಅಲೆಗೆ ಅಡ್ಡ ತಿರುಗುತ್ತದೆ. ಹಾಗಾಗಿ ಕಿಡಿಯ ವಿಷಯದಲ್ಲಿ ಅವರಿಗಿರುವ ಗಂಭೀರತೆ ಲ್ಯಾಪ್‌ಟಾಪ್ ಹಿಡಿದವರಲ್ಲಿ ನಾನು ಕಂಡದ್ದು ಕಡಿಮೆ. ಬಾನೆಟ್ ಒಳಗೆ ಒಮ್ಮೆ ಇಣುಕಿ ಅವರು ಕೇಳಿದರು:

“ಮಳೆ ಬಂದಾಗ ಗಾಡೀಲಿ ಎಂತೆಂತಾ ಹಾಕ್ತ್ರಿ ಭಟ್ರೇ?”

“ವೈಪರ್, ಹೆಡ್‌ಲೈಟ್, ಫಾಗ್ ಲ್ಯಾಂಪ್...”

“ಹಂಗಾರೆ ಮಳೆ ಅಲ್ಲ. ಅರ್ಥ್ ನೋಡಿ.”

ಕಾಯಿಲ್‌ಗಳ ಅರ್ಥ್ ವೈರ್ ಬ್ಯಾಟರಿಯ ಪಕ್ಕ ಬಾಡಿಗೆ ಬಿಗಿದ ಒಂದು ಬೋಲ್ಟಿನಲ್ಲಿ ಕೂತಿತ್ತು. ಫಾಗ್ ಲ್ಯಾಂಪ್ ಕೂರಿಸಿದವರು ಅದರ ಅರ್ಥನ್ನೂ ಅದೇ ಬೋಲ್ಟಿಗೆ ಸೇರಿಸಿದ್ದರು. ಬೋಲ್ಟಿನ ಕೆಳಗೆ ಉಪ್ಪು ಗಾಳಿ ತನ್ನ ಕೆಲಸ ಮಾಡಿತ್ತು. ಲ್ಯಾಂಪ್ ಹೊತ್ತಿದಾಗಲೆಲ್ಲ ಅದರ ಕರೆಂಟೂ ಆ ಕಿಲುಬಿನ ಮೂಲಕವೇ ಹಿಂದಿರುಗಬೇಕು. ಅಲ್ಲಿ ವೋಲ್ಟೇಜ್ ಕಳೆದುಹೋಗುತ್ತದೆ, ಕಾಯಿಲಿಗೆ ಅಷ್ಟು ಕೊರತೆ.

ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಆ ಜಾಯಿಂಟನ್ನು ಅಳೆದರೆ ಹೆಚ್ಚುಕಡಿಮೆ ಸೊನ್ನೆ. ಇಲ್ಲೇ ಹೆಚ್ಚಿನವರು ‘ಅರ್ಥ್ ಓಕೆ’ ಎಂದು ಮುಂದೆ ಹೋಗುವುದು. ಓಮ್ ಅಳೆಯುವಾಗ ಮೀಟರ್ ಕಳಿಸುವ ಕರೆಂಟ್ ಅತ್ಯಲ್ಪ, ತಂತಿಯ ಒಂದೆರಡು ಎಳೆ ಉಳಿದಿದ್ದರೂ ಅದಕ್ಕೆ ದಾರಿ ಸಾಕು. ಅಳೆಯಬೇಕಾದದ್ದು ಭಾರ ಹೊತ್ತಾಗ. ಎಂಜಿನ್ ಓಡುತ್ತಿರಲಿ, ಲೈಟ್, ವೈಪರ್, ಎಸಿ ಎಲ್ಲ ಹಾಕಿರಲಿ. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಕಾಯಿಲಿನ ಅರ್ಥ್ ವೈರಿಗೆ. ಆರೋಗ್ಯದ ಜಾಯಿಂಟಿನಲ್ಲಿ 0.1 ವೋಲ್ಟ್ ಆಸುಪಾಸು ಬರಬೇಕು. ಇಲ್ಲಿ ಒಂದು ವೋಲ್ಟಿನ ಹತ್ತಿರ ಬಂತು.

ಒಂದು ವೋಲ್ಟ್ ತಾನೇ ಎನ್ನುವವರಿಗೆ ಲೆಕ್ಕ ಹೇಳುತ್ತೇನೆ. ಕಾಯಿಲಿನಲ್ಲಿ ಕೂಡಿಕೊಳ್ಳುವ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುತ್ತದೆ. ಕರೆಂಟ್ ಶೇ. 10 ಇಳಿದರೆ ಶಕ್ತಿ ಶೇ. 19 ಇಳಿಯುತ್ತದೆ. ಬ್ಯಾಟರಿ ವೋಲ್ಟೇಜ್ ಕುಸಿದಾಗ ಕಾಯಿಲಿಗೆ ಹೆಚ್ಚು ಹೊತ್ತು ಕರೆಂಟ್ ಕೊಟ್ಟು ಸರಿದೂಗಿಸುವ ಲೆಕ್ಕ ಇಸಿಯುನಲ್ಲಿ ಇದ್ದೇ ಇದೆ, ಆದರೆ ಇಸಿಯು ನೋಡುವುದು ತನ್ನ ಬಾಗಿಲಿಗೆ ಬಂದ ವೋಲ್ಟೇಜನ್ನು. ಕಾಯಿಲಿನ ಅರ್ಥಿನಲ್ಲಿ ಸೋರಿದ್ದು ಅದಕ್ಕೆ ಗೊತ್ತಾಗುವುದೇ ಇಲ್ಲ. ಹಾಗಾಗಿಯೇ ಲಾಗಿನಲ್ಲಿ ಬ್ಯಾಟರಿ ವೋಲ್ಟೇಜ್ 13.8 ಎಂದು ಚೆಂದಕ್ಕೆ ಕಾಣುತ್ತಿತ್ತು. ಬೇಸಿಗೆಯಲ್ಲಿ ಹಗಲು ಓಡಿಸುವಾಗ ಫಾಗ್ ಲ್ಯಾಂಪ್ ಇಲ್ಲ, ಕೊರತೆಯೂ ಇಲ್ಲ. ಭಟ್ಕಳದ ಹುಡುಗ ಕಂಡದ್ದು ನಿಜವನ್ನೇ.

ಜಾಯಿಂಟ್ ಕತ್ತರಿಸಿ, ಬಣ್ಣ ಹೋಗುವಂತೆ ಎಮರಿ ಪೇಪರ್ ತಿಕ್ಕಿ, ಕಾಯಿಲ್‌ಗಳಿಗೆ ಹೊಸ ಲಗ್ ಹಾಕಿ ಬೇರೆಯೇ ಅರ್ಥ್ ಕೊಟ್ಟು, ಮೇಲೆ ವ್ಯಾಸಲೀನ್ ಬಳಿದರು. ಫಾಗ್ ಲ್ಯಾಂಪಿನ ಅರ್ಥನ್ನು ಆ ಬೋಲ್ಟಿನಿಂದ ದೂರ ಸರಿಸಿದರು. ಹಳೇ ಮ್ಯಾಪನ್ನೇ ಮತ್ತೆ ಹಾಕಿ ಸುರಿಯುವ ಮಳೆಯಲ್ಲಿ ಲಾಗ್ ಮಾಡಿದಾಗ ಲ್ಯಾಂಬ್ಡಾ ಗೆರೆ 0.82ಕ್ಕಿಂತ ತುಸು ಮೇಲಿದ್ದರೂ ಕುಣಿಯದೆ ನೇರ ನಿಂತಿತ್ತು.

ಲಾಗ್ ಮಾಡುವ ಜಾಗದ ಬಗ್ಗೆ ಒಂದು ಮಾತು. ಹೆದ್ದಾರಿಯಲ್ಲಿ ಪೂರ್ತಿ ಬೂಸ್ಟ್ ಎಂದರೆ ಕಣ್ಣು ಮಿಟುಕಿಸುವುದರೊಳಗೆ ವೇಗ ಎಲ್ಲೋ ಹೋಗಿರುತ್ತದೆ, ದನಗಳು ಮಾತ್ರ ಅಲ್ಲೇ ಮಲಗಿರುತ್ತವೆ. ಕುಮಟೆಯಿಂದ ಶಿರಸಿಗೆ ಏರುವ ದೇವಿಮನೆ ಘಾಟಿಯಲ್ಲಿ, ಗೇರುಸೊಪ್ಪೆ ದಾಟಿದ ಮೇಲಿನ ಏರಿನಲ್ಲಿ ಮೂರನೇ ಗೇರಿನಲ್ಲಿ ಮಿತಿಯೊಳಗಿನ ವೇಗದಲ್ಲೇ ಎಂಜಿನ್ನಿಗೆ ಬೇಕಾದಷ್ಟು ಭಾರ ಸಿಗುತ್ತದೆ. ಪಕ್ಕದಲ್ಲಿ ಕೂತವರು ಫೋನ್ ನೋಡಲಿ, ಓಡಿಸುವವರು ರಸ್ತೆ ನೋಡಲಿ. ಘಾಟಿಯ ಲಾಗ್ ಇನ್ನೊಂದನ್ನೂ ತೋರಿಸಿತು: ಲಾರಿಯ ಹಿಂದೆ ನಿಧಾನ ಏರುವಾಗ ಇಂಟರ್‌ಕೂಲರಿಗೆ ಗಾಳಿ ಸಿಗದೆ ಒಳಗಾಳಿಯ ಉಷ್ಣತೆ 60 ಡಿಗ್ರಿ ದಾಟುತ್ತದೆ, ಇಸಿಯು ಟೈಮಿಂಗ್ ಹಿಂದೆಳೆಯುತ್ತದೆ, ಕಾರು ಮಂಕಾಗುತ್ತದೆ. ಹೊಳೆಗದ್ದೆ ಟೋಲಿನ ಸಾಲಿನಲ್ಲಿ ನಿಂತು ಹೊರಟಾಗಲೂ ಅಷ್ಟೇ. ಅದು ರೋಗವಲ್ಲ, ಎಂಜಿನ್ ತನ್ನನ್ನು ಕಾಪಾಡಿಕೊಳ್ಳುವ ರೀತಿ. ಕರಾವಳಿಯ ಸೆಕೆ ಪೂರ್ತಿ ಶತ್ರುವೂ ಅಲ್ಲ: ಗಾಳಿಯಲ್ಲಿನ ನೀರಾವಿ ಆಮ್ಲಜನಕದ ಜಾಗ ತಿಂದು ಶಕ್ತಿ ಸ್ವಲ್ಪ ಇಳಿಸಿದರೂ ನಾಕಿಂಗನ್ನು ತುಸು ತಡೆಯುತ್ತದೆ.

ಕಿಡಿ ಸರಿಯಾದ ಮೇಲಷ್ಟೇ ನಿಜವಾದ ಪೆಟ್ರೋಲ್ ವಿಷಯ ಕಣ್ಣಿಗೆ ಬಿತ್ತು. ಕಾರಿನ ಮ್ಯಾಪ್ ಬರೆದದ್ದು ಶೇ. 10 ಎಥನಾಲ್ ಕಾಲದಲ್ಲಿ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕ ಇ20 ಈಗ ನಮ್ಮ ಬಂಕುಗಳಲ್ಲೂ ಬರುತ್ತದೆ. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ ಇ10ಕ್ಕೆ ಸುಮಾರು 14.1, ಇ20ಕ್ಕೆ ಸುಮಾರು 13.5. ಎಂದರೆ ಹಳೇ ಮ್ಯಾಪಿಗೆ ಶೇ. 4ರಷ್ಟು ಪೆಟ್ರೋಲ್ ನಿಜವಾಗಿಯೂ ಕಡಿಮೆ. ನಿಧಾನ ಓಡುವಾಗ ಇಸಿಯು ಫ್ಯೂಯೆಲ್ ಟ್ರಿಮ್ ಏರಿಸಿ ಹೊಂದಿಸಿಕೊಳ್ಳುತ್ತದೆ. ಪೂರ್ತಿ ಒತ್ತಿದಾಗ ಹಳೇ ಇಸಿಯುಗಳಲ್ಲಿ ಹೆಚ್ಚಿನವು ಸೆನ್ಸರ್ ಮಾತು ಬಿಟ್ಟು ಮ್ಯಾಪನ್ನೇ ನಂಬುತ್ತವೆ, ಅಲ್ಲಿ ಕೈಯಾರೆ ತಿದ್ದಬೇಕು. ಮೀಟರನ್ನು ಗಾಳಿ–ಪೆಟ್ರೋಲ್ ಅನುಪಾತದಲ್ಲಿ ಓದಿದರೆ ಇಲ್ಲಿ ಗೊಂದಲ ಖಚಿತ, ಏಕೆಂದರೆ ಅದು ಇಂದಿಗೂ 14.7ರ ಲೆಕ್ಕದಲ್ಲೇ ತೋರಿಸುತ್ತದೆ. ಲ್ಯಾಂಬ್ಡಾದಲ್ಲಿ ಓದಿದರೆ ಯಾವ ಪೆಟ್ರೋಲಾದರೂ 1 ಎಂದರೆ 1.

ಬೆಂಗಳೂರಿನವರಿಗೆ ಈ ಸಲ ಕಳಿಸಿದ್ದು ನೇರ ಗೆರೆಯ ಲಾಗ್. ಅವರು ಪೂರ್ತಿ ಭಾರದ ಜಾಗದಲ್ಲಿ ಆ ಶೇ. 4 ಸೇರಿಸಿದರು. ನನ್ನ ಬೇಡಿಕೆಯಂತೆ ಬೂಸ್ಟನ್ನು 1.0 ಬಾರಿಗೆ ಇಳಿಸಿದರು. ಪ್ಲಗ್ ಗ್ಯಾಪ್ ಇನ್ನೂ 0.6ರಲ್ಲೇ ಇದೆ. ಪೆಟ್ರೋಲ್ ಪಂಪಿನ ಅರ್ಥ್ ವೈರ್ ಹಿಂದಿನ ಸೀಟಿನ ಅಡಿಯಲ್ಲಿದೆ, ಅದನ್ನು ಭಾರದ ಮೇಲೆ ಅಳೆಯುವುದು ಬಾಕಿ.